ಬಿ12 ಬರೀ ಪೂರಕವಲ್ಲ

ನೈಟ್ರೇಟ್, ಫಾಸ್ಫೇಟ್, ಕಬ್ಬಿಣ ಸಿಕ್ಕರೆ ಸಾಕು, ವಿಟಮಿನ್‌ಗಳು ಪ್ಲವಕಗಳಿಗೆ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳಿಗೆ) ಬರೀ ಪೂರಕ ಎಂಬ ಲೇಖನದ ಸಾಲನ್ನು ಒಪ್ಪಲಾರೆ. 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 326 ಪಾಚಿ ಪ್ರಭೇದಗಳ ಪೈಕಿ 171ಕ್ಕೆ ಹೊರಗಿನಿಂದ ಬಿ12 ಬೇಕೇ ಬೇಕಿತ್ತು. ಥಲಾಸಿಯೋಸೈರಾ ಸ್ಯೂಡೋನಾನಾ ಎಂಬ ಡಯಾಟಮ್‌ (ಸಿಲಿಕಾ ಕವಚದ ಏಕಕೋಶ ಪಾಚಿ) ನೋಡಿ: ಮೆಥಿಯೋನಿನ್ ಎಂಬ ಅಮೈನೋ ಆಮ್ಲ ತಯಾರಿಸಲು ಅದರಲ್ಲಿರುವುದು ಬಿ12 ಅವಲಂಬಿತ ಕಿಣ್ವ ಮಾತ್ರ. ಫಿಯೋಡ್ಯಾಕ್ಟೈಲಮ್ ಎಂಬ ಇನ್ನೊಂದು ಡಯಾಟಮ್‌ಗೆ ಬಿ12 ಬೇಡದ ಇನ್ನೊಂದು ಕಿಣ್ವವೂ ಇದೆ, ಹಾಗಾಗಿ ಅದು ಬಚಾವ್. ಈ ವಿಟಮಿನ್ ತಯಾರಿಸುವುದು ಕೆಲವು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಏಕಕೋಶ ಜೀವಿಗಳಷ್ಟೇ. ಅದರಲ್ಲೂ ಸಿನೆಕೋಕಾಕಸ್ ಎಂಬ ಸಮುದ್ರದ ಬ್ಯಾಕ್ಟೀರಿಯಾ ತಯಾರಿಸುವ ಹುಸಿ ಬಿ12 (ರಚನೆ ತುಸು ಬೇರೆಯಾದ ರೂಪ) ಹೆಚ್ಚಿನ ಪಾಚಿಗಳಿಗೆ ಅಷ್ಟಾಗಿ ದಕ್ಕುವುದಿಲ್ಲ. ಅಂಟಾರ್ಕ್ಟಿಕದ ರಾಸ್ ಸಮುದ್ರದಲ್ಲಿ ಕಬ್ಬಿಣದ ಜೊತೆ ಬಿ12 ಸೇರಿಸಿದಾಗ, ಬರೀ ಕಬ್ಬಿಣ ಹಾಕಿದ್ದಕ್ಕಿಂತ ಪ್ಲವಕಗಳು ಹೆಚ್ಚು ಬೆಳೆದದ್ದು ದಾಖಲಾಗಿದೆ.

'ಪ್ರಯೋಗಾಲಯದಲ್ಲಿ ಬಿ12 ಕೊರತೆ ಕಾಣುವುದಿಲ್ಲ' ಎಂಬ ವಾದವಂತೂ ಇನ್ನೂ ದುರ್ಬಲ. ಪಾಚಿ ಬೆಳೆಸಲು ಬಳಸುವ ಎಫ್/2 ಎಂಬ ಪೋಷಕ ದ್ರಾವಣದಲ್ಲಿ (ಮಾಧ್ಯಮದಲ್ಲಿ) ಲೀಟರಿಗೆ 0.5 ಮೈಕ್ರೋಗ್ರಾಂ ಬಿ12 ಇರುತ್ತದೆ, ಅಂದರೆ ಸುಮಾರು 370 ಪಿಕೋಮೋಲಾರ್ (ಅತಿ ಕಡಿಮೆ ಸಾಂದ್ರತೆ ಅಳೆಯುವ ಮಾನ). ತೆರೆದ ಸಮುದ್ರದಲ್ಲಿ ಸಾಮಾನ್ಯವಾಗಿ ಇರುವುದು ಕೆಲವೇ ಪಿಕೋಮೋಲಾರ್! ಇಷ್ಟು ಸಮೃದ್ಧಿಯಲ್ಲಿ ಕೊರತೆ ಹೇಗೆ ಕಂಡೀತು? ಬಿ12 ಬಿಟ್ಟು ಮಾಧ್ಯಮ ಮಾಡಿದರೂ ಮೊದಲ ವರ್ಗಾವಣೆಯಲ್ಲಿ (ಹೊಸ ಮಾಧ್ಯಮಕ್ಕೆ ಸಾಗಿಸಿದಾಗ) ಕೋಶಗಳು ಹಳೆಯ ದಾಸ್ತಾನಿನ ಮೇಲೆಯೇ ಬೆಳೆಯುತ್ತವೆ. ಕನಿಷ್ಠ ಮೂರು ಸಲ ವರ್ಗಾಯಿಸಬೇಕು, ಬೆಳೆಸಿದ ಪಾಚಿ ಬ್ಯಾಕ್ಟೀರಿಯಾರಹಿತವಾಗಿರಬೇಕು. ಇಲ್ಲದಿದ್ದರೆ ಜೊತೆಗಿರುವ ಬ್ಯಾಕ್ಟೀರಿಯಾವೇ ಬಿ12 ಒದಗಿಸಿ ಫಲಿತಾಂಶ ಕೆಡಿಸುತ್ತದೆ. ಹೋಲಿಕೆಗೆಂದು ಇಡುವ, ಬಿ12 ಇರುವ ಫ್ಲಾಸ್ಕಿಗೆ ಹಾಕುವ ವಿಟಮಿನ್ ದ್ರಾವಣವನ್ನು ಆಟೋಕ್ಲೇವ್ ಮಾಡಬೇಡಿ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಬೇಡಿ), 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ತಣ್ಣಗಾದ ಮಾಧ್ಯಮಕ್ಕೆ ಸೇರಿಸಿ. ಬಿಸಿಗೆ ಮೊದಲು ಹಾಳಾಗುವುದು ಆ ದ್ರಾವಣದಲ್ಲಿರುವ ಥಯಾಮಿನ್ (ಬಿ1), ಅದೂ ಸಮುದ್ರದ ನೀರಿನ ಕ್ಷಾರೀಯತೆಯಲ್ಲಿ ಬೇಗ.