ನಮ್ಮವರು ಜಾಸ್ತಿ ಇರುವ ಏರಿಯಾ

ಲಂಡನ್ನಿಗೆ ಬರುವುದು ಖಾತ್ರಿಯಾದ ದಿನದಿಂದ ಎಲ್ಲರೂ ಕೊಟ್ಟ ಸಲಹೆ ಒಂದೇ. "ಹ್ಯಾರೋ ಕಡೆ ಮನೆ ನೋಡಿ, ಇಲ್ಲಾಂದ್ರೆ ಹೌನ್ಸ್ಲೋ. ಅಲ್ಲಿ ನಮ್ಮವರು ಜಾಸ್ತಿ."

ನಾನೂ ತಲೆಯಾಡಿಸಿದೆ. ಬಂದ ಮೊದಲ ಶನಿವಾರವೇ ಹ್ಯಾರೋಗೆ ಹೋಗಿ ನೋಡಿದರೆ, ಅಲ್ಲಿ ಕಂಡ ನಮ್ಮವರಲ್ಲಿ ಹೆಚ್ಚಿನವರು ಗುಜರಾತಿಗಳು, ಶ್ರೀಲಂಕಾದ ತಮಿಳರು. ಇದೇ ಜನ ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದಿದ್ದರೆ "ಯಾರೋ ಹೊರಗಿನವರು ಬಂದಿದ್ದಾರೆ" ಅನ್ನುತ್ತಿದ್ದೆವು. ಶಿವಮೊಗ್ಗದಲ್ಲಿದ್ದಾಗ ನಮ್ಮವರು ಅಂದರೆ ನಮ್ಮ ಬೀದಿಯವರು. ಬೆಂಗಳೂರಿಗೆ ಬಂದ ಮೇಲೆ ನಮ್ಮ ಜಿಲ್ಲೆಯವರು. ಇಲ್ಲಿ ಕೊತ್ತಂಬರಿ ಸೊಪ್ಪು ಮಾರುವವರೆಲ್ಲ ನಮ್ಮವರೇ.

ಹ್ಯಾರೋ ಕೆಟ್ಟ ಜಾಗ ಅಂತ ಅಲ್ಲ. ದೇವಸ್ಥಾನ ಇದೆ, ಇಡ್ಲಿ ರವೆ ಸಿಗುತ್ತದೆ, ಅಪ್ಪ ಅಮ್ಮ ಊರಿನಿಂದ ಬಂದರೆ ಬೇಜಾರಾಗುವುದಿಲ್ಲ. ಆದರೂ ನಾವು ಕೊನೆಗೆ ಬಂದು ಕೂತಿದ್ದು ನಗರದ ಇನ್ನೊಂದು ತುದಿಯಲ್ಲಿರುವ ವಾಲ್ತಮ್‌ಸ್ಟೋನಲ್ಲಿ. ನಿಜ ಹೇಳಬೇಕೆಂದರೆ ಮೊದಲ ಕಾರಣ ನನ್ನ ಸೋಮಾರಿತನ. ಆಫೀಸು ಕಿಂಗ್ಸ್ ಕ್ರಾಸ್ ಹತ್ತಿರ. ಇಲ್ಲಿಯ ಮೆಟ್ರೋದ ವಿಕ್ಟೋರಿಯಾ ಲೈನಿನ ಕೊನೆಯ ಸ್ಟೇಷನ್ನು ವಾಲ್ತಮ್‌ಸ್ಟೋ. ಅಲ್ಲಿಂದಲೇ ಹೊರಡುವ ಟ್ರೈನಾದ್ದರಿಂದ ಬೆಳಿಗ್ಗೆ ಸೀಟು ಸಿಗುತ್ತದೆ, ಹದಿನೈದಿಪ್ಪತ್ತು ನಿಮಿಷದಲ್ಲಿ ಆಫೀಸು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನಿಗೆ ಇದು ಸಣ್ಣ ಆಸೆಯಲ್ಲ.

ಬೆಂಗಳೂರಿನಲ್ಲಿ ಮನೆ ಹುಡುಕಿದ ಕಥೆ ನಿಮಗೂ ಗೊತ್ತಿರುತ್ತೆ. ವಿಜಯನಗರದಲ್ಲಿ ಒಂದು ಮನೆ ತುಂಬ ಇಷ್ಟವಾಗಿತ್ತು. ಓನರ್ ಆಂಟಿ ಕಾಫಿ ಕೊಟ್ಟರು, ಕೆಲಸ ಕೇಳಿದರು, ಸಂಬಳ ಕೇಳಿದರು. ಆಮೇಲೆ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಅಂದರು. ನಾವು ಮಾಂಸ ತಿನ್ನುವವರು ಅಂತ ಗೊತ್ತಾದ ಮೇಲೆ ಕಾಫಿ ಲೋಟ ಮಾತ್ರ ವಾಪಸ್ ತಗೊಂಡರು, ಕೀ ಕೊಡಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮುಸ್ಲಿಂ ಗೆಳೆಯನಿಗೆ ಕಾಫಿಯೂ ಸಿಗುತ್ತಿರಲಿಲ್ಲ. ಹೆಸರು ಕೇಳಿದ ಕೂಡಲೇ "ಈಗ ತಾನೇ ಯಾರೋ ಅಡ್ವಾನ್ಸ್ ಕೊಟ್ಟರು" ಅನ್ನುತ್ತಿದ್ದರು. ಬೋರ್ಡು ಮಾತ್ರ ಮುಂದಿನ ವಾರವೂ ಗೇಟಿಗೆ ನೇತಾಡುತ್ತಿತ್ತು.

ಲಂಡನ್ನಿನಲ್ಲಿ ಯಾರೂ ಯಾವ ಪೈಕಿ ಅಂತ ಕೇಳಲಿಲ್ಲ. ಅಡುಗೆ ಏನು ಮಾಡುತ್ತೀರಿ ಅಂತಲೂ ಕೇಳಲಿಲ್ಲ. ಕೇಳಿದ್ದು ದುಡ್ಡಿನ ಲೆಕ್ಕ. ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕು ಅನ್ನುವುದು ಏಜೆಂಟರ ಸಾಮಾನ್ಯ ಸೂತ್ರ. ವೀಸಾ ನೋಡುತ್ತಾರೆ, ಅದು ಕಾನೂನು. ಠೇವಣಿ ಮಾತ್ರ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, 2019ರಿಂದ ಇರುವ ನಿಯಮ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನಪಿದ್ದ ನನಗೆ ಇದು ಕೇಳಿ ಖುಷಿಯೋ ಖುಷಿ. ಆದರೆ ನಿಮಗೆ ಈ ದೇಶದಲ್ಲಿ ಸಾಲದ ಚರಿತ್ರೆ ಇಲ್ಲವಲ್ಲ ಎಂದು ನಮ್ಮ ಏಜೆಂಟ್ ಆರು ತಿಂಗಳ ಬಾಡಿಗೆ ಮುಂಗಡ ಕೇಳಿದ. ಸಾಲ ಮಾಡದವನನ್ನು ಅನುಮಾನದಿಂದ ನೋಡುವ ದೇಶ ಇದೇ ಮೊದಲು ಕಂಡಿದ್ದು. ಅದರ ಮೇಲೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿಯ ನಗರಸಭೆಯಂಥ ಕೌನ್ಸಿಲ್ಲಿಗೆ ಕಟ್ಟುವ ಮನೆ ತೆರಿಗೆ. ಅದನ್ನು ಕಟ್ಟುವುದು ಓನರ್ ಅಲ್ಲ, ಬಾಡಿಗೆಗಿರುವ ನಾವು. ಆ ತೆರಿಗೆಯ ಲೆಕ್ಕ ಇಂದಿಗೂ 1991ರ ಮನೆ ಬೆಲೆಯ ಮೇಲೆ ನಿಂತಿದೆ.

ಜಾತಿ ಕೇಳಲ್ಲ, ಜೇಬು ಕೇಳ್ತಾರೆ ಅಂತ ನನ್ನ ಹೆಂಡತಿ ಆಗ ಹೇಳಿದ್ದಳು. ಜೇಬು ಕೇಳುವುದೂ ಒಂಥರಾ ಬೇಲಿಯೇ. ಆದರೆ ಆ ಬೇಲಿಯ ಒಳಗೆ ಯಾರು ಇರಬೇಕು ಅನ್ನುವುದನ್ನು ಮನೆಯ ಓನರ್ ತೀರ್ಮಾನ ಮಾಡುವುದಿಲ್ಲ, ಅಷ್ಟು ವ್ಯತ್ಯಾಸ ಇದೆ.

ಮಗಳಿಗೆ ಆಗ ನಾಲ್ಕು ವರ್ಷ. ಇಲ್ಲಿ ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿಗೆ ಶಾಲೆಯ ಮೊದಲ ಹಂತವಾದ ರಿಸೆಪ್ಷನ್ ತರಗತಿ ಶುರು. ಅರ್ಜಿ ಹಾಕಲು ಕೊನೆಯ ದಿನ ಜನವರಿ 15, ಸೀಟು ಯಾವ ಶಾಲೆಯಲ್ಲಿ ಅಂತ ಗೊತ್ತಾಗುವುದು ಏಪ್ರಿಲ್ 16ಕ್ಕೆ. ಸರ್ಕಾರಿ ಶಾಲೆ, ಫೀಸು ಇಲ್ಲ. ಡೊನೇಷನ್ ಇಲ್ಲ, ಅಪ್ಪ ಅಮ್ಮನಿಗೆ ಇಂಟರ್‌ವ್ಯೂ ಇಲ್ಲ. ಚರ್ಚ್ ಶಾಲೆಗಳಲ್ಲಿ ಧರ್ಮ ನೋಡುವುದುಂಟು. ಉಳಿದ ಹೆಚ್ಚಿನ ಕಡೆ, ಅಕ್ಕನೋ ಅಣ್ಣನೋ ಅಲ್ಲೇ ಓದುತ್ತಿರುವ ಮಕ್ಕಳನ್ನು ಬಿಟ್ಟರೆ, ಮುಖ್ಯವಾಗಿ ನೋಡುವುದು ಮನೆಯಿಂದ ಶಾಲೆಗೆ ಎಷ್ಟು ದೂರ ಅಂತ. ಕಳೆದ ವರ್ಷ ಕೊನೆಯ ಸೀಟು ಎಷ್ಟು ದೂರದ ಮಗುವಿಗೆ ಸಿಕ್ಕಿತು ಅನ್ನುವ ಪಟ್ಟಿಯನ್ನು ಕೌನ್ಸಿಲ್ಲೇ ಹಾಕುತ್ತದೆ. ಅದನ್ನು ಹಿಡಿದುಕೊಂಡು ನಾವು ಗೂಗಲ್ ಮ್ಯಾಪಿನಲ್ಲಿ ಗೆರೆ ಎಳೆದು ಎಳೆದು ಮನೆ ಹುಡುಕಿದೆವು. ಜಾತಕದಲ್ಲಿ ಗಣ ಕೂಡಿಸಿದ ಹಾಗೆ. ಒಳ್ಳೆ ಹೆಸರಿನ ಶಾಲೆಯ ಹತ್ತಿರ ಬಾಡಿಗೆ ಜಾಸ್ತಿ ಅನ್ನುವುದೂ ಆಗಲೇ ಗೊತ್ತಾಗಿದ್ದು.

ಒಂದು ದಿನ ಮನೆ ನೋಡಲು ಬೇಗ ಬಂದುಬಿಟ್ಟಿದ್ದೆ. ಸುಮ್ನೆ ನಿಲ್ಲುವ ಬದಲು ಶಾಲೆಯ ಗೇಟಿನವರೆಗೆ ನಡೆದೆ. ಮೂರೂಕಾಲು. ಜಿಟಿಜಿಟಿ ಮಳೆ. ಟೀಚರ್ ಬಾಗಿಲಲ್ಲಿ ನಿಂತು, ಕರೆದುಕೊಂಡು ಹೋಗಲು ಬಂದವರ ಮುಖ ನೋಡಿ ಒಂದೊಂದೇ ಮಗುವನ್ನು ಬಿಡುತ್ತಿದ್ದರು. ಒಬ್ಬ ಹುಡುಗ "ಅಮ್ಮೀ" ಅಂತ ಓಡಿಬಂದ. ಹಿಂದೆಯೇ ಒಂದು ಹುಡುಗಿ "ಮಾಮೋ" ಅಂದಳು, ಪೋಲಿಷ್ ಇರಬೇಕು. ಇನ್ನೊಂದು ಮಗು "ಆನ್ನೆ" ಅಂತು. ಅದು ಟರ್ಕಿಯವರು ಅಮ್ಮನನ್ನು ಕರೆಯುವುದು ಅಂತ ಆಮೇಲೆ ತಿಳಿಯಿತು. ರಸ್ತೆ ದಾಟಿಸಲು ಉದ್ದ ಕೋಲಿನ ತುದಿಗೆ ದುಂಡು ಬೋರ್ಡು ಹಿಡಿದ ಲಾಲಿಪಾಪ್ ಲೇಡಿ. ಅವರು ಕೈ ಎತ್ತಿದರೆ ಎರಡಂತಸ್ತಿನ ಬಸ್ಸೂ ಮರುಮಾತಿಲ್ಲದೆ ನಿಲ್ಲುತ್ತದೆ. ಮನೆ ಇನ್ನೂ ನೋಡಿರಲಿಲ್ಲ. ಇಲ್ಲೇ ಇರೋಣ ಅಂತ ಹೆಂಡತಿಗೆ ಫೋನ್ ಮಾಡಿದೆ.

ಬೆಂಗಳೂರಿನ ನಮ್ಮ ಬೀದಿಯಲ್ಲೂ ಎಲ್ಲ ಥರದ ಜನ ಇದ್ದರು. ಆದರೆ ಬೆಳಿಗ್ಗೆ ಏಳೂವರೆಗೆ ಐದು ಬಣ್ಣದ ವ್ಯಾನುಗಳು ಬಂದು ಆ ಬೀದಿಯ ಮಕ್ಕಳನ್ನು ಐದು ದಿಕ್ಕಿಗೆ ಹೊತ್ತುಕೊಂಡು ಹೋಗುತ್ತಿದ್ದವು. ಎರಡು ಕ್ರಾಸ್ ಆಚೆಗೆ ಸರ್ಕಾರಿ ಶಾಲೆ ಇತ್ತು. ಅಲ್ಲಿ ಮಕ್ಕಳು ಸಾಲಾಗಿ ಕೂತು ಬಿಸಿಯೂಟ ಮಾಡುತ್ತಿದ್ದುದು ಗೇಟಿನಿಂದಲೇ ಕಾಣುತ್ತಿತ್ತು. ನಮ್ಮ ಮಗಳನ್ನು ಅಲ್ಲಿಗೆ ಕಳಿಸುವ ಯೋಚನೆ ನನಗೆ ಒಂದು ದಿನವೂ ಬರಲಿಲ್ಲ. ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದವರ ಮಗ ಅಲ್ಲಿದ್ದ. ಇಲ್ಲಿ ನೋಡಿದರೆ ಸರ್ಕಾರಿ ಶಾಲೆಗೆ ಹತ್ತಿರ ಇರಬೇಕು ಅಂತ ಹೆಚ್ಚು ಬಾಡಿಗೆ ಕೊಡುತ್ತಿದ್ದೇನೆ! ಮಗಳು ಮಧ್ಯಾಹ್ನ ಅಲ್ಲಿಯ ಬಿಟ್ಟಿ ಊಟವನ್ನೇ ತಿನ್ನುತ್ತಾಳೆ. 2023ರಿಂದ ಲಂಡನ್ನಿನ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ. ಅವಳ ಪಕ್ಕ ಕೂರುವ ಹುಡುಗನ ಅಮ್ಮ ನಮ್ಮ ಆಫೀಸಿನಂಥದ್ದೇ ಒಂದು ಕಟ್ಟಡ ಗುಡಿಸುತ್ತಾರೆ. ನಾವಿಬ್ಬರೂ ಮಳೆಯಲ್ಲಿ ಒಂದೇ ಗೇಟಿನ ಮುಂದೆ ಕಾಯುತ್ತೇವೆ.

ಬೇರೆ ಬೇರೆ ಜನ ಇರುವ ಏರಿಯಾ ಅಂದರೆ ನನ್ನ ಪ್ರಕಾರ ಇದು. ಹತ್ತು ಥರದ ಹೋಟೆಲು ಇರುವುದಲ್ಲ. ಅದು ಕೋರಮಂಗಲದಲ್ಲೂ ಇದೆ.

ಸುತ್ತಮುತ್ತ ಇನ್ನೂ ಕೆಲವು ಅನುಕೂಲಗಳಿವೆ. ಮಾರ್ಕೆಟ್ಟು ಸುಮಾರು ಒಂದು ಕಿಲೋಮೀಟರ್ ಉದ್ದ. ಬೆಂಡೆಕಾಯಿ, ಟೊಮೆಟೊ ಎಲ್ಲ ಬೋಲ್ ಲೆಕ್ಕದಲ್ಲಿ. ತೂಕದ ಜಗಳವೇ ಇಲ್ಲ, ಆದರೆ ಬೋಲಿನ ತಳದಲ್ಲಿ ಮೆತ್ತಗಾದದ್ದು ಇದ್ದೇ ಇರುತ್ತದೆ. ಲಾಯ್ಡ್ ಪಾರ್ಕಿನಲ್ಲಿ ಮಕ್ಕಳು ಆಡುತ್ತಾರೆ. 2014ರಲ್ಲಿ, ನಡೆಯುವವರಿಗೂ ಸೈಕಲ್ಲಿನವರಿಗೂ ಅನುಕೂಲ ಮಾಡುವ ಮಿನಿ ಹಾಲೆಂಡ್ ಅನ್ನುವ ಯೋಜನೆಯ ದುಡ್ಡು ಬಂದ ಮೇಲೆ ಎಷ್ಟೋ ಬೀದಿಗಳ ಬಾಯಿಗೆ ಗಿಡದ ತೊಟ್ಟಿ, ಕಂಬ ಇಟ್ಟು ಅಡ್ಡದಾರಿ ಹಿಡಿಯುವ ಕಾರುಗಳನ್ನು ತಡೆದರು. ಆಗ ಇಲ್ಲಿ ದೊಡ್ಡ ಗಲಾಟೆಯೇ ಆಗಿತ್ತಂತೆ. ಈಗ ನಮ್ಮ ಬೀದಿಯಲ್ಲಿ ಮಗಳು ಸೈಕಲ್ ಕಲಿತಳು. ರಾಜಾಜಿನಗರದಲ್ಲಿ ಹೀಗೆ ಒಂದು ಕ್ರಾಸ್ ಮುಚ್ಚಿದರೆ ಏನಾಗಬಹುದು, ಯೋಚನೆ ಮಾಡಿ.

ಬೈಯುವುದಕ್ಕೂ ಇದೆ. ಮನೆ ತೋರಿಸುವಾಗ ಗೋಡೆಗೆಲ್ಲ ಹೊಸ ಬಣ್ಣದ ವಾಸನೆ. ನವೆಂಬರಿನಲ್ಲಿ ವಾರ್ಡ್‌ರೋಬ್ ಸರಿಸಿದರೆ ಹಿಂದೆ ಅಂಗೈ ಅಗಲದ ಕಪ್ಪು ಬೂಷ್ಟು. ಏಜೆಂಟನಿಗೆ ಫೋಟೋ ಕಳಿಸಿದೆ. "ಕಿಟಕಿ ತೆಗೆದಿಡಿ" ಅಂತ ಉತ್ತರ ಬಂತು. ಹೊರಗೆ ನಾಲ್ಕು ಡಿಗ್ರಿ. ನೀವು ಮನೆ ನೋಡುವಾಗ ನಮ್ಮವರು ಎಲ್ಲಿದ್ದಾರೆ ಅಂತ ಹುಡುಕುವ ಮೊದಲು ಬೀರುವಿನ ಹಿಂದೆ ನೋಡಿ.

ಪಕ್ಕದ ಮನೆಯವರ ಹೆಸರು ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು. ಅದೂ ಅವರು ನಮ್ಮ ಪಾರ್ಸಲ್ ತೆಗೆದಿಟ್ಟಿದ್ದಕ್ಕೆ. ಬೆಂಗಳೂರಿನಲ್ಲಿ ಯಾವ ಪೈಕಿ ಅಂತ ಕೇಳಿಯೂ ಮನೆ ಕೊಟ್ಟ ಇನ್ನೊಬ್ಬ ಓನರ್ ಆಂಟಿ, ಯುಗಾದಿಗೆ ಒಬ್ಬಟ್ಟು ಕಳಿಸುತ್ತಿದ್ದರು. ಮಗಳಿಗೆ ಜ್ವರ ಬಂದಾಗ ರಾತ್ರಿ ಪಕ್ಕದಲ್ಲೇ ಕೂತಿದ್ದರು. ಆ ಸಲಿಗೆ ಇಲ್ಲಿಲ್ಲ. ಅದು ಬೇಕು ಅನಿಸಿದ ದಿನ ಹ್ಯಾರೋಗೆ ಹೋಗದೆ ತಪ್ಪು ಮಾಡಿದೆವಾ ಅಂತಲೂ ಅನಿಸುತ್ತದೆ. ಮಗಳ ಕನ್ನಡವೂ ದಿನದಿನಕ್ಕೆ ತೆಳುವಾಗುತ್ತಿದೆ.

ಹೋದ ವಾರ ಹಳೇ ಆಫೀಸಿನ ಗೆಳೆಯ ಫೋನ್ ಮಾಡಿದ್ದ. ಅವನಿಗೂ ಲಂಡನ್ನಿಗೆ ವರ್ಗವಾಗಿದೆಯಂತೆ. "ಗುರೂ, ನಮ್ಮವರು ಜಾಸ್ತಿ ಇರೋ ಏರಿಯಾ ಯಾವ್ದು?" ಅಂದ. ಏರಿಯಾ ಆಮೇಲೆ, ಮೊದಲು ಬಂದು ಒಂದು ದಿನ ಮೂರೂಕಾಲಿಗೆ ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತು ನೋಡು ಅಂದೆ.

"ಡೊನೇಷನ್ ಎಷ್ಟು?"

"ಇಲ್ಲಪ್ಪ. ಫೀಸೂ ಇಲ್ಲ, ಊಟಾನೂ ಅವರೇ ಹಾಕ್ತಾರೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದ, "ಹಂಗಾದ್ರೆ ಸ್ಕೂಲು ಚೆನ್ನಾಗಿದ್ಯಾ?"