ದೇವರ ಫೋಟೊ ಡಿಲೀಟ್ ಮಾಡಬಾರದು

ಆಲಮಟ್ಟಿ ಜಲಾಶಯ ತುಂಬಿದರೆ ಅದಕ್ಕೊಂದು ಮರ್ಯಾದೆ ಇದೆ. 519.60 ಮೀಟರ್ ಮುಟ್ಟಿತು ಅಂತ ಪೇಪರಿನಲ್ಲಿ ಬರುತ್ತದೆ, ದೊಡ್ಡವರು ಬಂದು ಬಾಗಿನ ಬಿಡುತ್ತಾರೆ, ಹೆಚ್ಚಾಯಿತೆಂದರೆ ಎತ್ತಲು 26 ಗೇಟುಗಳಿವೆ. ಮೊಬೈಲ್ ತುಂಬಿದರೆ ಬಾಗಿನವೂ ಇಲ್ಲ, ಗೇಟೂ ಇಲ್ಲ. ಬೆಳಗಿನ ಚಹಾ ಕುದಿಯುವ ಮೊದಲೇ ‘ಸ್ಟೋರೇಜ್ ಫುಲ್’ ಎಂಬ ಕೆಂಪು ಪಟ್ಟಿ. ಅದರ ಬಗಲಿಗೇ, ಸತ್ತವರ ಮನೆ ಮುಂದೆ ಚಟ್ಟದ ಬಿದಿರು ಹಿಡಿದು ನಿಂತವನ ಹಾಗೆ, ‘ಹೆಚ್ಚು ಜಾಗ ಪಡೆಯಿರಿ, ತಿಂಗಳಿಗೆ 130 ರೂಪಾಯಿ’ ಎಂಬ ನೀಲಿ ಗುಂಡಿ.

ಬಾಗಲಕೋಟೆಯ ನವನಗರದಲ್ಲಿ ಈ ವಾರ ಆ ಪಟ್ಟಿ ಬಿದ್ದದ್ದು ಕಾಕಾ ಅವರ ಫೋನಿಗೆ. (ಯಾವ ಕಾಕಾ ಎಂದು ಕೇಳಬೇಡಿ, ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ.) “ನಾ ಏನೂ ತುಂಬಿಲ್ಲಪಾ, ದಿನಾ ಬರೇ ನೋಡತೇನಿ” ಎನ್ನುತ್ತಾರೆ. ಮಾತು ನಿಜ. ತುಂಬುವ ಕೆಲಸವನ್ನು ಅವರಿಗೆ ಯಾರೂ ಉಳಿಸಿಯೇ ಇಲ್ಲ. ವಾಟ್ಸ್ಆ್ಯಪ್ ಹಾಕಿಕೊಂಡ ದಿನದಿಂದ ಫೋಟೊ ತಾನೇ ಇಳಿಯುತ್ತದೆ, ವೈ-ಫೈ ಸಿಕ್ಕರೆ ವಿಡಿಯೊನೂ ಇಳಿಯುತ್ತದೆ. ಬೇಡ ಅನ್ನುವವರು ‘ಸೆಟ್ಟಿಂಗ್ಸ್’, ಅಲ್ಲಿಂದ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅಲ್ಲಿಂದ ‘ಮೀಡಿಯಾ ಆಟೊ-ಡೌನ್‌ಲೋಡ್’ ತನಕ ಹೋಗಿ ಒಂದೊಂದೇ ಟಿಕ್ ತೆಗೆಯಬೇಕು. ಹ್ಞೂಂ ಅನ್ನಲು ಸುಮ್ಮನಿದ್ದರೆ ಸಾಕು, ಒಲ್ಲೆ ಅನ್ನಲು ಮೂರು ಬಾಗಿಲು ದಾಟಬೇಕು.

ಕಾಕಾ 12 ಗ್ರೂಪುಗಳಲ್ಲಿದ್ದಾರೆ. ಗುಲಾಬಿ, ಹಬೆಯಾಡುವ ಚಹಾದ ಕಪ್, ಎರಡು ಗಿಳಿ, ಸೂರ್ಯೋದಯ ಎಲ್ಲಾ ಸೇರಿ ದಿನಕ್ಕೆ 60 ಚಿತ್ರ ಅನ್ನೋಣ. ಒಂದಕ್ಕೆ 150 ಕೆಬಿ ಹಿಡಿದರೂ ದಿನಕ್ಕೆ 9 ಎಂಬಿ, ವರ್ಷಕ್ಕೆ 3.3 ಜಿಬಿ. ಇದರ ಮೇಲೆ 6 ಎಂಬಿಯ ವಿಡಿಯೊ ದಿನಕ್ಕೆ ಐದು ಬಂದರೆ ವರ್ಷಕ್ಕೆ ಹತ್ತಿರ ಹತ್ತಿರ 11 ಜಿಬಿ. ಕೂಡಿಸಿದರೆ 14 ದಾಟಿತು. ಬ್ಯಾಕಪ್ಪಿನಲ್ಲಿ ‘ವಿಡಿಯೊ ಸೇರಿಸು’ ಅನ್ನುವುದನ್ನು ಮೊಮ್ಮಗ ಎಂದೋ ಒತ್ತಿ ಹೋಗಿದ್ದಾನೆ, ಹಾಗಾಗಿ ಅಷ್ಟೂ ನಕಲಾಗಿ ಮೇಲಕ್ಕೆ, ಅಂದರೆ ಗೂಗಲ್ಲಿನ ಕಂಪ್ಯೂಟರಿಗೆ, ಏರುತ್ತದೆ. ಮೇಲೆ ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ, ಅದೂ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಕೂಡಿ. ಅದು ತುಂಬಿದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ಎರಡು ಗಿಳಿಗಳು ಸೇರಿ ಎಲ್‌ಐಸಿ ರಸೀದಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವುದು ಹೀಗೆ.

ಮೊದಲು ಹೀಗಿರಲಿಲ್ಲ. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ, ಗುಣಮಟ್ಟ ತುಸು ಇಳಿಸಿದ ಫೋಟೊ ಎಷ್ಟು ಬೇಕಾದರೂ ಇಡಿ, ರೊಕ್ಕ ಬೇಡ ಅಂದಿದ್ದರು. ಆರು ವರ್ಷ ನಮ್ಮ ಮದುವೆ, ಮುಂಜಿವೆ, ಜವಳ ಎಲ್ಲ ಅಲ್ಲಿಗೆ ಹೋದ ಮೇಲೆ, 2021ರ ಜೂನ್ 1ರಿಂದ ಇನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಅಂದರು. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ಪೂ ಲೆಕ್ಕದ ಹೊರಗಿತ್ತು. 2024ರಲ್ಲಿ ಅದೂ ಒಳಗೆ ಬಂತು. ಬನಶಂಕರಿ ಜಾತ್ರೆಯಲ್ಲಿ ತೊಟ್ಟಿಲ ಹತ್ತುವುದು ಪುಕ್ಕಟೆ, ಮೇಲೆ ಹೋದ ಮೇಲೆ ಇಳಿಯಲು ಟಿಕೆಟ್ ಅಂದರೆ ಹೇಗಿರುತ್ತದೆ, ಹಾಗೆ. ಇನ್ನು ವಾಟ್ಸ್ಆ್ಯಪ್ಪಿಗೆ ಒಂದು ಕಾಲದಲ್ಲಿ ವರ್ಷಕ್ಕೊಂದು ಡಾಲರ್ ಚಂದಾ ಇತ್ತು. 2014ರಲ್ಲಿ ಫೇಸ್‌ಬುಕ್ ಅದನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಂಡಿತು, 2016ರಲ್ಲಿ ಆ ಚಂದಾವನ್ನೂ ಬಿಟ್ಟುಕೊಟ್ಟಿತು. ಅಷ್ಟು ಕೊಟ್ಟು ಕೊಂಡವರು ಒಂದು ಡಾಲರ್ ಬೇಡ ಅಂದಾಗಲೇ ನಮ್ಮ ಅಡತಿ ಅಂಗಡಿಯವರಾಗಿದ್ದರೆ ಹುಬ್ಬು ಏರಿಸುತ್ತಿದ್ದರು.

ಇರಲಿ, ಸ್ವಚ್ಛ ಮಾಡುವ ದಾರಿ ಸುಲಭ. ಅದೇ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಒತ್ತಿದರೆ, ಹಲವು ಬಾರಿ ಫಾರ್ವರ್ಡ್ ಆದದ್ದು ಒಂದು ರಾಶಿ, 5 ಎಂಬಿ ಮೀರಿದ್ದು ಇನ್ನೊಂದು ರಾಶಿ. ಎಲ್ಲಾ ಆರಿಸು, ಕಸದಬುಟ್ಟಿ ಒತ್ತು, ಮುಗಿಯಿತು. ಎರಡು ನಿಮಿಷದ ಕೆಲಸ.

ಕಾಕಾ ಅವರಿಗೆ ಒಂದು ಮಧ್ಯಾಹ್ನ ಬೇಕಾಯಿತು, ಮುಗಿಯಲೂ ಇಲ್ಲ. ಏಕೆಂದರೆ ಅವರು ಒಂದೊಂದೇ ನೋಡಿ ತೆಗೆಯುವವರು. ಚಾಳೀಸು ಹಣೆಗೇರಿಸಿ, ಚಿತ್ರ ಹಿಗ್ಗಿಸಿ, ಕೆಳಗಿನ ಸುಭಾಷಿತ ಗಟ್ಟಿಯಾಗಿ ಓದಿ, “ಇದನ್ನ ಯಾರ ಕಳಿಸಿದ್ರೋ ಏನೋ, ಚಲೋ ಐತಿ” ಎಂದು ಮುಂದಕ್ಕೆ ಸರಿಸುವುದು. ಗುಲಾಬಿ ಹೋದವು. ಗಿಳಿ ಹೋದವು. ತುಳಸಿಗೇರಿ ಹನುಮಪ್ಪ ಬಂದ. ಬೆರಳು ನಿಂತಿತು.

“ದೇವರ ಫೋಟೊ ಡಿಲೀಟ್ ಮಾಡಬಾರದು.”

ಲೆಕ್ಕ ಹಾಕಿದರೆ ಹನುಮಪ್ಪ 212, ಬನಶಂಕರಿ 140, ಕೂಡಲಸಂಗಮದ ಸಂಗಮನಾಥ 96; ಸೋಮವಾರ, ಶನಿವಾರ, ಅಮಾವಾಸ್ಯೆಯವು ಬೇರೆ. ಮನೆಯಲ್ಲಿ ಗಾಜು ಒಡೆದ ದೇವರ ಫೋಟೊವನ್ನು ಏನು ಮಾಡುತ್ತೀರಿ ಅಂತ ಕೇಳಿದರೆ, “ಹೊಳಿಗೆ ಬಿಡತೇವಿ” ಅಂದರು. ಹಾಗಾದರೆ ಇದೂ ಹೊಳೆಯೇ: ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆದದ್ದನ್ನು ಅಳಿಸಿದರೆ ಕೂಡಲೇ ಹೋಗುವುದಿಲ್ಲ, ಕಸದಬುಟ್ಟಿಯಲ್ಲಿ 60 ದಿನ ತೇಲುತ್ತದೆ, ಆಮೇಲೆ ಮುಳುಗುತ್ತದೆ. ಈ ಮಾತು ಕಾಕಾ ಅವರಿಗೆ ಒಪ್ಪಿಗೆಯಾಯಿತು. ಆದರೆ ಹೊಳೆಗೆ ಬಿಡುವ ಮುಂಚೆ ನಾಲ್ಕು ಮಂದಿಗೆ ದರ್ಶನವಾಗಲಿ ಎಂದು ಪ್ರತಿಯೊಂದನ್ನೂ ಗ್ಯಾಲರಿಯಿಂದ ಗ್ರೂಪಿಗೆ ಶೇರ್ ಮಾಡಿ ಆಮೇಲೆ ಅಳಿಸಿದರು. ಹಾಗೆ ಕಳಿಸಿದ್ದರ ಒಂದು ನಕಲು ವಾಟ್ಸ್ಆ್ಯಪ್ಪಿನ ‘ಸೆಂಟ್’ ಎಂಬ ಫೋಲ್ಡರಿನಲ್ಲಿ ಉಳಿಯುತ್ತದೆ. ದರ್ಶನ ಪಡೆದ ಭಕ್ತರೂ ಸುಮ್ಮನಿರದೆ ಒಬ್ಬೊಬ್ಬರು ಒಂದೊಂದು ದೇವರನ್ನು ಮರಳಿ ಕಳಿಸಿದರು. ಸಂಜೆಗೆ ನೋಡಿದರೆ ಜಾಗ 40 ಎಂಬಿ ಕಡಿಮೆಯಾಗಿತ್ತು. ಖಾಲಿ ಜಾಗ.

ಇಂಥ ಹೊತ್ತಿನಲ್ಲೇ ಜನ ದೊಡ್ಡ ತಪ್ಪು ಮಾಡುವುದು. ಗೂಗಲ್ ಫೋಟೋಸಿನಲ್ಲಿ ‘ಡಿಲೀಟ್’ ಅಂದರೆ ಫೋನಿನಿಂದಲೂ ಹೋಗುತ್ತದೆ, ಮೇಲಿನ ನಕಲೂ ಹೋಗುತ್ತದೆ. ಫೋನಿನದು ಮಾತ್ರ ಹೋಗಬೇಕೆಂದರೆ ‘ಫ್ರೀ ಅಪ್ ಸ್ಪೇಸ್’ ಒತ್ತಬೇಕು. ಸಿಟ್ಟಿಗೆದ್ದು ಎಲ್ಲಾ ಆರಿಸಿ ಅಳಿಸಿದವರಿಗೆ ಇದು ಗೊತ್ತಾಗುವುದು ಅರವತ್ತೊಂದನೆಯ ದಿನ.

ಕಾಕಾ ಅವರ ಒಂದೊಂದೇ ನೋಡುವ ಚಟ ಉಪಯೋಗಕ್ಕೆ ಬಂದದ್ದು ಅಲ್ಲೇ. ಎರಡು ಸೂರ್ಯೋದಯಗಳ ನಡುವೆ ಒಂದು ಮಾಸಿದ ಚಿತ್ರ ಇತ್ತು: ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೆ ಓಣಿಯ ಮನೆ, ಕಟ್ಟಿಗೆಯ ಬಾಗಿಲು, ಕಟ್ಟೆಯ ಮೇಲೆ ಕೂತ ಅವರ ಅವ್ವ. ಹಳೆ ಪ್ರಿಂಟನ್ನು ಮೊಬೈಲಿನಲ್ಲಿ ಹೊಡೆದದ್ದು, ಮೂಲೆಯಲ್ಲಿ ಹೆಬ್ಬೆರಳು ಬಿದ್ದಿದೆ. 2.1 ಎಂಬಿ. ಮನೆ ಬಿಡುವಾಗ ಟ್ರ್ಯಾಕ್ಟರಿಗೆ ಏನು ಹೇರುವುದು, ಏನು ಬಿಡುವುದು ಎಂದು ಮನೆಯವರೆಲ್ಲ ಕೂತು ಆರಿಸಿದ್ದರಂತೆ. ಬೀಸುಕಲ್ಲು ಬಂತು, ತೊಟ್ಟಿಲು ಬಂತು, ಬಾಗಿಲು ಬರಲಿಲ್ಲ. ಹಿನ್ನೀರು ಇಳಿದಾಗ ಗೋಡೆಯ ಗುರುತು ಕಾಣುತ್ತದೆ, ಅಷ್ಟೇ. ಕಾಕಾ ಬಹಳ ಹೊತ್ತು ಏನೂ ಸರಿಸಲಿಲ್ಲ. ಆಮೇಲೆ ಅದನ್ನೂ ಹಳೆ ಓಣಿಯ ಗ್ರೂಪಿಗೆ ಕಳಿಸಿ ಫೋನ್ ಬದಿಗಿಟ್ಟರು.

ಮರುದಿನ ಬೆಳಗ್ಗೆ 5.40ಕ್ಕೆ ಅದು ತಿರುಗಿ ಬಂತು, ಬೇರೆ ಮೂರು ಗ್ರೂಪಿನಿಂದ. ಯಾರೋ ಪುಣ್ಯಾತ್ಮರು ಬಾಗಿಲ ಮೇಲೆ ಹಳದಿ ಅಕ್ಷರದಲ್ಲಿ ‘ಶುಭ ಮುಂಜಾನೆ’ ಬರೆದು, ಅವ್ವನ ಮಗ್ಗುಲಿಗೆ ಒಂದು ಗುಲಾಬಿ ಇಟ್ಟಿದ್ದರು.

ಕಾಕಾ ಮೂರನ್ನೂ ಇಟ್ಟುಕೊಂಡಿದ್ದಾರೆ.