ಮೂರು ಪಾಯಿಂಟ್ ಒಂದೇ ಗೆರೆ ಮೇಲೆ ಬಂದ್ರೆ

ನಮ್ಮದು ಕಂಪ್ಯುಟೇಶನಲ್ ಜಿಯೋಮೆಟ್ರಿ, ಅಂದ್ರೆ ಚುಕ್ಕೆ, ಗೆರೆ, ಆಕಾರಗಳ ಲೆಕ್ಕವನ್ನ ಕಂಪ್ಯೂಟರ್ ಕೈಲಿ ಮಾಡಿಸೋ ಫೀಲ್ಡು. ಇದರ ಪೇಪರ್ ಯಾವುದೇ ತೆಗೀರಿ, ಮೊದಲ ಒಂದೆರಡು ಪುಟದಲ್ಲೇ ಒಂದು ಮಾತು ಸಿಗುತ್ತೆ, "ಪಾಯಿಂಟ್‌ಗಳೆಲ್ಲಾ ಜನರಲ್ ಪೊಸಿಷನ್‌ನಲ್ಲಿವೆ ಅಂತ ಇಟ್ಕೊಳ್ಳೋಣ" ಅಂತ. ಅಂದ್ರೆ ಯಾವ ಮೂರು ಚುಕ್ಕೆನೂ ಒಂದೇ ಗೆರೆ ಮೇಲೆ ಬರಲ್ಲ, ಯಾವ ನಾಲ್ಕು ಚುಕ್ಕೆನೂ ಒಂದೇ ವೃತ್ತದ ಮೇಲೆ ಕೂರಲ್ಲ, ಯಾರೂ ಯಾರಿಗೂ ತೊಂದ್ರೆ ಕೊಡಲ್ಲ. ಇದೊಂದು ಸಾಲು ಬರೆದುಬಿಟ್ರೆ ಅರ್ಧ ತಲೆನೋವು ಅಲ್ಲೇ ಮುಗೀತು, ಮುಂದಿನ ಪ್ರೂಫ್ ಸಲೀಸು. ನಾನೂ ನಮ್ಮ ರಿಸರ್ಚ್ ಗೈಡ್ ಸರ್ರೂ ಜೊತೆಯಾಗಿ ಜಪಾನಿಗೆ ಹೋಗಿ ಬಂದ ಮೇಲೆ ನನಗೆ ಗ್ಯಾರಂಟಿ ಆಗಿರೋದು ಏನಪ್ಪಾ ಅಂದ್ರೆ, ಈ ಸೌಲಭ್ಯ ಪೇಪರಲ್ಲಿರೋ ಚುಕ್ಕೆಗಳಿಗೆ ಮಾತ್ರ, ಟಿಕೆಟ್ ತಗೊಂಡು ಓಡಾಡೋ ಮನುಷ್ಯರಿಗಿಲ್ಲ.

ಹೋಗಿದ್ದು ಕಂಪ್ಯುಟೇಶನಲ್ ಜಿಯೋಮೆಟ್ರಿ ಸಿಂಪೋಸಿಯಂಗೆ. 1985ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾಗಿದ್ದು, ಪ್ರತಿ ವರ್ಷ ಒಂದೊಂದು ಊರಲ್ಲಿ ನಡೆಯುತ್ತೆ, 2025ರ ಜೂನ್‌ನಲ್ಲಿ ಜಪಾನಿನ ಕನಜಾವದಲ್ಲಿ ಆಯ್ತು. ಈ ಸಬ್ಜೆಕ್ಟ್ ಏನು ಅಂತ ಮನೆಯವರಿಗೆ ಹೇಳೋದೇ ಒಂದು ದೊಡ್ಡ ರಿಸರ್ಚ್ ಪ್ರಾಬ್ಲಂ. "ಒಂದು ಪಾಯಿಂಟ್‌ಗೆ ಯಾವ ಪಾಯಿಂಟ್ ಹತ್ತಿರ ಅಂತ ಬೇಗ ಕಂಡುಹಿಡಿಯೋದು ಚಿಕ್ಕಪ್ಪ" ಅಂದೆ. "ಅದಕ್ಕೆ ಗೂಗಲ್ ಮ್ಯಾಪ್ ಇದ್ಯಲ್ಲೋ" ಅಂದ್ರು. ಆ ಮ್ಯಾಪಿನ ಹಿಂದೆ ಇರೋದೇ ನಮ್ಮಂಥವರ ಕೆಲಸ ಅಂತ ಎದೆ ಉಬ್ಬಿಸಿ ಹೇಳಿ ಪೇಪರ್ ತೋರಿಸಿದೆ, ಅವರು ಕನ್ನಡಕ ಮೇಲೆ ಮಾಡಿ ನೋಡಿ "ನಿನ್ನ ಹೆಸರು ಕೊನೇಲಿದೆ, ವೇಟಿಂಗ್ ಲಿಸ್ಟಾ?" ಅಂದ್ರು. ನಮ್ಮಲ್ಲಿ ಹೆಸರುಗಳನ್ನ ಎಬಿಸಿಡಿ ಪ್ರಕಾರ ಹಾಕ್ತಾರೆ, ಯಾರು ಎಷ್ಟು ಕೆಲಸ ಮಾಡಿದ್ರು ಅಂತ ನೋಡಿ ಅಲ್ಲ, ನನ್ನ ಹೆಸರು ವೈ ಇಂದ ಶುರು, ಹೀಗಾಗಿ ನಾಳೆ ನಾನೊಬ್ಬನೇ ಇಡೀ ಪೇಪರ್ ಬರೆದು ನಮ್ಮ ಸರ್‌ದು ಹೆಸರು ಮಾತ್ರ ಸೇರಿಸಿದ್ರೂ ನಾನು ಕೊನೇನೇ. ಚಿಕ್ಕಪ್ಪಂಗೆ ಇದು ಸಮಾಧಾನ ಆದಂಗೆ ಕಾಣ್ಲಿಲ್ಲ, ಮದುವೆ ಮನೇಲಿ ಸಿಕ್ಕವರಿಗೆಲ್ಲಾ "ಕನ್ಫರ್ಮ್ ಆಗುತ್ತಂತೆ" ಅಂತ ಹೇಳ್ಕೊಂಡು ಬಂದ್ರಂತೆ.

ಆಮೇಲೆ ಪ್ಯಾಕಿಂಗು. ಈ ಸಿಂಪೋಸಿಯಂ ಜೊತೆಗೆ ಪ್ರತಿ ವರ್ಷ ಒಂದು ಪ್ರೋಗ್ರಾಮಿಂಗ್ ಸ್ಪರ್ಧೆನೂ ಇರುತ್ತೆ, 2024ರದ್ದರಲ್ಲಿ ಕೊಟ್ಟಿದ್ದ ಪ್ರಾಬ್ಲಂ ಇದೇ: ಒಂದು ಡಬ್ಬ, ಅಡ್ಡಾದಿಡ್ಡಿ ಆಕಾರದ ಒಂದಷ್ಟು ಸಾಮಾನು, ಒಂದೊಂದಕ್ಕೂ ಒಂದೊಂದು ಬೆಲೆ, ಒಂದರ ಮೇಲೊಂದು ಬರದ ಹಾಗೆ ತುಂಬಿ, ಒಳಗೆ ಹೋದವುಗಳ ಒಟ್ಟು ಬೆಲೆ ಆದಷ್ಟು ಜಾಸ್ತಿ ಬರ್ಬೇಕು. ಪ್ರಪಂಚದ ಒಳ್ಳೊಳ್ಳೆ ಟೀಮ್‌ಗಳು ಕಂಪ್ಯೂಟರ್ ಬಿಸಿ ಮಾಡ್ಕೊಂಡು ಒದ್ದಾಡೋ ಪ್ರಾಬ್ಲಂ ಅದು. ನಮ್ಮಮ್ಮ ಅದನ್ನ ಊಟ ಆದ್ಮೇಲೆ, ಸೀರಿಯಲ್ ಶುರುವಾಗೋದ್ರೊಳಗೆ ಮುಗಿಸಿದ್ರು. ಬೆಲೆ ಯಾವುದಕ್ಕೆ ಎಷ್ಟು ಅನ್ನೋದು ಮಾತ್ರ ಅಮ್ಮನ ಲೆಕ್ಕ. ಅವಲಕ್ಕಿಗೆ ಜಾಸ್ತಿ, ಚಟ್ನಿಪುಡಿಗೆ ಅದಕ್ಕಿಂತ ಜಾಸ್ತಿ, ನಿಪ್ಪಟ್ಟಿಗೆ ಮಧ್ಯಮ, ನನ್ನ ಫಾರ್ಮಲ್ ಶೂಗೆ ಸೊನ್ನೆ. ಏರ್‌ಪೋರ್ಟ್‌ನಲ್ಲಿ ತೂಕಕ್ಕೆ ಇಡೋ ಹೊತ್ತಿಗೆ ಗೊತ್ತಾಯ್ತು, ಶೂ ಮನೇಲಿದೆ. ಇಂಟರ್‌ನ್ಯಾಷನಲ್ ಕಾನ್ಫರೆನ್ಸ್‌ನಲ್ಲಿ ಇಸ್ತ್ರಿ ಮಾಡಿದ ಪ್ಯಾಂಟಿಗೆ ಹವಾಯಿ ಚಪ್ಪಲಿ ಹಾಕ್ಕೊಂಡು ಮಾತಾಡಿದವನು ನಾನು. ಯಾರೂ ನೋಡಲಿಲ್ಲ ಬಿಡಿ, ಅಲ್ಲಿ ಅರ್ಧ ಜನ ಅದಕ್ಕಿಂತ ಕಡೆಯಾಗಿ ಬಂದಿದ್ರು, ಒಬ್ಬ ದೊಡ್ಡ ಪ್ರೊಫೆಸರಂತೂ ಬನಿಯನ್ ಥರದ್ದೇನೋ ಹಾಕ್ಕೊಂಡು ಮೊದಲನೇ ಸಾಲಲ್ಲೇ ಕೂತಿದ್ರು.

ಟೋಕಿಯೋದಿಂದ ಕನಜಾವಕ್ಕೆ ಬುಲೆಟ್ ಟ್ರೈನು, ಎರಡೂವರೆ ಗಂಟೆ. ರಾತ್ರಿಯೆಲ್ಲಾ ವಿಮಾನದಲ್ಲಿ ನಿದ್ದೆ ಇಲ್ಲ, ನನ್ನ ಕಣ್ಣು ಎಳೀತಿತ್ತು. ಸರ್ ಹೇಳಿದ್ರು "ನೀನು ಮಲ್ಕೊಳಪ್ಪ, ನಾನು ಎಚ್ಚರ ಇರ್ತೀನಿ, ಕನಜಾವ ಬಂದಾಗ ಎಬ್ಬಿಸ್ತೀನಿ". ಸರ್ ಯಾರು ಗೊತ್ತಲ್ಲ, ಶಾರ್ಟೆಸ್ಟ್ ಪಾಥ್ ಮೇಲೇ ಜೀವನ ಸವೆಸಿರೋರು, ಅಡ್ಡ ಗೋಡೆಗಳಿದ್ದಾಗ ಎ ಇಂದ ಬಿ ಗೆ ಹತ್ತಿರದ ದಾರಿ ಯಾವುದು ಅಂತ ಕಣ್ಣು ಮುಚ್ಕೊಂಡು ಹೇಳ್ತಾರೆ. ನಂಬಿ ಮಲಗಿದೆ. ಎಚ್ಚರ ಆದಾಗ ಸರ್ ನಿಜವಾಗ್ಲೂ ಎಚ್ಚರವಾಗೇ ಇದ್ರು, ಬೋರ್ಡಿಂಗ್ ಪಾಸ್ ಹಿಂದೆ ಏನೋ ತ್ರಿಕೋನ ಬರೀತಾ ಇದ್ರು, ಕಿಟಕಿ ಆಚೆ ಬೋರ್ಡ್ ಮಾತ್ರ ಫುಕುಯಿ ಅಂತಿತ್ತು.

ಮುಂಚೆ ಆಗಿದ್ರೆ ಇದು ಆಗ್ತಾನೇ ಇರಲಿಲ್ಲ, ಆ ಲೈನು ಕನಜಾವಕ್ಕೇ ಮುಗೀತಿತ್ತು, ಕಸ ಗುಡಿಸೋರು ಬಂದಾದ್ರೂ ಎಬ್ಬಿಸ್ತಿದ್ರು. 2024ರ ಮಾರ್ಚ್‌ನಲ್ಲಿ ಮುಂದಕ್ಕೆ ತ್ಸುರುಗಾ ತನಕ ಎಳೆದುಬಿಟ್ಟಿದ್ದಾರೆ. "ಸರ್, ಕನಜಾವ ಹೋಯ್ತು" ಅಂದೆ. "ಹೋಗಲ್ಲ ಕಣೋ, ಅದು ಅಲ್ಲೇ ಇರುತ್ತೆ, ನಾವು ಬಂದ್ವಿ" ಅಂದ್ರು, ಪೆನ್ನು ಎತ್ತದೆ.

ಫುಕುಯಿಯಲ್ಲಿ ಇಳಿದ್ವಿ, ವಾಪಸ್ ಗಾಡಿಗೆ ಹೊತ್ತಿತ್ತು, ಟೀ ಸಿಗುತ್ತೇನೋ ಅಂತ ದುಡ್ಡು ಕಟ್ಟಿ ಹೊರಗೆ ಬಂದ್ರೆ ಎದುರಿಗೆ ಡೈನೋಸಾರ್. ಉಪಮೆ ಕೊಡ್ತಿಲ್ಲ ಸ್ವಾಮಿ, ನಿಜವಾದ ಸೈಜಿನ ಡೈನೋಸಾರ್ ಬೊಂಬೆ, ಕತ್ತು ಆಡಿಸ್ತಾ ಇದೆ, ಘರ್ಜಿಸ್ತಾನೂ ಇದೆ. ಆ ಕಡೆ ಡೈನೋಸಾರ್ ಪಳೆಯುಳಿಕೆ ಬಹಳ ಸಿಕ್ಕಿದೆಯಂತೆ, ಅದಕ್ಕೆ ಸ್ಟೇಷನ್ ಮುಂದೆ ನಿಲ್ಲಿಸಿದ್ದಾರೆ. ನನ್ನ ಎದೆ ಹೊಡ್ಕೊಳ್ತಿದ್ರೆ ಸರ್ ಒಂದು ಸುತ್ತು ಹಾಕಿ ಬಂದು, "ಇದರ ಕಾನ್ವೆಕ್ಸ್ ಹಲ್‌ನಲ್ಲಿ ಬಾಲದ ತುದಿ ಖಂಡಿತ ಬರುತ್ತೆ, ಮುಂಗಾಲು ಡೌಟು" ಅಂದ್ರು. ಕಾನ್ವೆಕ್ಸ್ ಹಲ್ ಅಂದ್ರೆ ಎಲ್ಲಾ ಒಳಗೆ ಬರೋ ಹಾಗೆ, ರಬ್ಬರ್ ಬ್ಯಾಂಡ್ ಥರ ಸುತ್ತ ಬಿಗಿಯಾಗಿ ಹಾಕಿದ ಬೇಲಿ. ಕನಜಾವಕ್ಕೆ ತಲುಪಿದಾಗ ರಿಜಿಸ್ಟ್ರೇಷನ್ ಡೆಸ್ಕ್ ಎತ್ತಿಟ್ಟಿದ್ರು.

ಕಾನ್ಫರೆನ್ಸ್ ಒಳಗಿನ ವಿಷಯಕ್ಕೆ ಬರ್ತೀನಿ. ಬೆಳಗ್ಗೆ ಒಂಬತ್ತಕ್ಕೆ ಮೊದಲ ಸೆಷನ್ನು, ಅಂದ್ರೆ ನಮ್ಮ ದೇಹದ ಗಡಿಯಾರಕ್ಕೆ ಐದೂವರೆ, ನಂದಿನಿ ಹಾಲು ಬರೋ ಹೊತ್ತು. ಅಷ್ಟೊತ್ತಿಗೇ ಒಬ್ಬರು ಏಳನೇ ಡೈಮೆನ್ಷನ್‌ನಲ್ಲಿ ಏನೋ ಮಡಚ್ತಾ ಇರ್ತಾರೆ. ಎಲ್ಲರೂ ತಲೆ ಆಡಿಸ್ತಿರ್ತಾರೆ, ಅರ್ಥ ಆಗಿ ಎಷ್ಟು ಜನ ನಿದ್ದೆಗೆ ಎಷ್ಟು ಜನ ಅಂತ ಹೇಳೋದು ಕಷ್ಟ. ನನ್ನದು ಯಂಗ್ ರಿಸರ್ಚರ್ಸ್ ಫೋರಂನಲ್ಲಿ ಸಣ್ಣ ಟಾಕು, ಜೊತೆಗೆ ಒಂದು ಡೆಮೋ: ಸ್ಕ್ರೀನ್ ಮೇಲೆ ಯಾರು ಬೇಕಾದ್ರೂ ಚುಕ್ಕೆ ಇಡಬಹುದು, ನನ್ನ ಪ್ರೋಗ್ರಾಂ ಎಲ್ಲಾ ಚುಕ್ಕೆ ಸೇರಿಸಿ ಸುತ್ತ ಬೇಲಿ ಹಾಕುತ್ತೆ. ಹಿಂದಿನ ರಾತ್ರಿ ಹೋಟೆಲ್ ರೂಮಲ್ಲಿ ಕೆಟಲ್ ನೀರಲ್ಲಿ ಅವಲಕ್ಕಿ ನೆನೆಸ್ಕೊಂಡು ತಿಂತಾ ಎಲ್ಲಾ ಚೆಕ್ ಮಾಡಿದ್ದೆ, ಬೆಣ್ಣೆಯಂಗೆ ಓಡ್ತಿತ್ತು. ಟಾಕಿನ ಕೊನೇಲಿ ಉತ್ಸಾಹ ಬಂದು "ಯಾರಾದ್ರೂ ಟ್ರೈ ಮಾಡ್ತೀರಾ" ಅಂದೆ. ಹಿಂದಿನ ಸಾಲಿಂದ ಒಬ್ಬ ಹುಡುಗ ಎದ್ದು ಬಂದ, ನಗ್ತಾ ಇದ್ದ, ಆ ನಗು ನೋಡಿದಾಗಲೇ ನನಗೆ ಹೊಟ್ಟೇಲಿ ಏನೋ ಆಯ್ತು. ಬಂದವನೇ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಟಕ ಟಕ ಟಕ ಅಂತ ಮೂರು ಚುಕ್ಕೆ, ಒಂದೇ ಸಾಲಲ್ಲಿ.

ಇಲ್ಲಿ ಸ್ವಲ್ಪ ಟೆಕ್ನಿಕಲ್ ಆಗ್ತೀನಿ, ಬೇಡದವರು ಮುಂದಿನ ಪ್ಯಾರಾಕ್ಕೆ ಹೋಗಿ. ನಮ್ಮ ಪ್ರೋಗ್ರಾಮ್‌ಗಳೆಲ್ಲಾ ನಿಂತಿರೋದು ಒಂದೇ ಪ್ರಶ್ನೆ ಮೇಲೆ: ಮೊದಲ ಚುಕ್ಕೆಯಿಂದ ಎರಡನೇದಕ್ಕೆ ಹೋಗಿ ಅಲ್ಲಿಂದ ಮೂರನೇದಕ್ಕೆ ಹೋಗುವಾಗ ಎಡಕ್ಕೆ ತಿರುಗಿದ್ವಾ, ಬಲಕ್ಕಾ? ಒಂದು ಸಣ್ಣ ಡಿಟರ್ಮಿನೆಂಟ್ ಹಾಕಿದ್ರೆ ಗೊತ್ತಾಗುತ್ತೆ, ಪ್ಲಸ್ ಬಂದ್ರೆ ಎಡ, ಮೈನಸ್ ಬಂದ್ರೆ ಬಲ, ಸೊನ್ನೆ ಬಂದ್ರೆ ನೇರ. ಆದ್ರೆ ಕಂಪ್ಯೂಟರ್ ದಶಮಾಂಶಗಳನ್ನ ಒಂದು ಅಳತೆಗೆ ಕತ್ತರಿಸಿ ಇಟ್ಕೊಳ್ಳುತ್ತೆ, ಹಾಗಾಗಿ ಸೊನ್ನೆ ಬರಬೇಕಾದ ಕಡೆ ಚೂರೇ ಚೂರು ಪ್ಲಸ್ಸೋ ಮೈನಸ್ಸೋ ಬಂದುಬಿಡುತ್ತೆ, ಒಂದು ಕಡೆಯಿಂದ ಲೆಕ್ಕ ಮಾಡಿದ್ರೆ ಎಡ ಅನ್ನುತ್ತೆ ಇನ್ನೊಂದು ಕಡೆಯಿಂದ ಮಾಡಿದ್ರೂ ಎಡ ಅನ್ನುತ್ತೆ, ಎರಡೂ ಹೇಗೆ ಎಡ ಆಗುತ್ತೆ ಅಂತ ತಲೆ ಕೆಟ್ಟು ಪ್ರೋಗ್ರಾಂ ಅಲ್ಲೇ ಗಿರಗಿರ ಸುತ್ತುತ್ತೆ. ದಶಮಾಂಶ ಕತ್ತರಿಸದೆ ಪೂರ್ತಿ ಲೆಕ್ಕ ಮಾಡಿದ್ರೆ ಸೊನ್ನೆ ಸೊನ್ನೆಯಾಗೇ ಬರುತ್ತೆ, ಆ ಸೊನ್ನೆಗೂ ಪರಿಹಾರ ಇದೆ, 1990ರಲ್ಲಿ ಹರ್ಬರ್ಟ್ ಎಡೆಲ್ಸ್‌ಬ್ರುನ್ನರ್ ಮತ್ತೆ ಮ್ಯೂಕೆ ಬರೆದ ಪೇಪರ್ ಇದೆ: ಚುಕ್ಕೆಗಳು ಒಂದೇ ಗೆರೆ ಮೇಲಿದ್ರೆ ಒಂದೊಂದೂ ಕಣ್ಣಿಗೆ ಕಾಣದಷ್ಟು ಆಚೀಚೆ ಸರಿದಿವೆ ಅಂತ ಅಂದ್ಕೊಂಡು ಮುಂದುವರೀರಿ, ನಿಜವಾಗಿ ಸರಿಸೋದೂ ಬೇಡ. ಬಿಎಂಟಿಸಿ ಬಸ್ಸಿನ ಕಂಡಕ್ಟರ್ ದಿನಾ ಹೇಳೋ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಇದಲ್ದೆ ಇನ್ನೇನು!

ಡೆಮೋ ನಿಂತೇ ಹೋಯ್ತು. ಸ್ಕ್ರೀನ್ ಮೇಲೆ ಮೂರು ಚುಕ್ಕೆ, ಪಕ್ಕದಲ್ಲಿ ತಿರುಗೋ ಚಕ್ರ. ನಾನು ಹಲ್ಲು ಬಿಟ್ಕೊಂಡು ನಿಂತಿದ್ದೆ. ಸೆಷನ್ ಚೇರ್ "ಇಂಟರೆಸ್ಟಿಂಗ್" ಅಂದ್ರು, ಅಲ್ಲಿ ಆ ಮಾತಿನ ಅರ್ಥ ನಮ್ಮೂರಲ್ಲಿ ಹೆಣ್ಣು ನೋಡಕ್ಕೆ ಬಂದವರು "ಊರಿಗೆ ಹೋಗಿ ತಿಳಿಸ್ತೀವಿ" ಅಂದಂಗೆ ಅಂತ ಆಮೇಲೆ ಸರ್ ಹೇಳಿದ್ರು.

ಮಧ್ಯಾಹ್ನ ಊಟ ನಾವೇ ನೋಡ್ಕೋಬೇಕಿತ್ತು. ಇಲ್ಲೂ ನಮ್ಮ ವಿದ್ಯೆ ಕೈ ಕೊಡ್ತು. ವೊರೊನಾಯ್ ಡಯಾಗ್ರಾಂ ಅಂತ ಒಂದಿದೆ, 1908ರಲ್ಲಿ ವೊರೊನಾಯ್ ಬರೆದ ಪೇಪರಿಂದ ಆ ಹೆಸರು, ಊರಿನ ನಕ್ಷೆ ಮೇಲೆ ಹೋಟೆಲ್‌ಗಳನ್ನ ಗುರುತು ಹಾಕಿದ್ರೆ ಯಾವ ಜಾಗದಲ್ಲಿ ನಿಂತವರಿಗೆ ಯಾವ ಹೋಟೆಲ್ ಹತ್ತಿರ ಅಂತ ಊರನ್ನೇ ಭಾಗ ಮಾಡಿ ಕೊಡುತ್ತೆ. ಎಲ್ಲರಿಗೂ ಇದು ಗೊತ್ತು, ಎಲ್ಲರೂ ಒಂದೇ ಕಟ್ಟಡದಿಂದ ಹೊರಟವರು, ಆದ್ದರಿಂದ ಎಲ್ಲರ ಹತ್ತಿರದ ಹೋಟೆಲ್ಲೂ ಒಂದೇ, ಕೌಂಟರ್ ಮುಂದೆ ಬೆರಳೆಣಿಕೆ ಸ್ಟೂಲ್ ಇರೋ ಒಂದು ಕರ್ರಿ ಅಂಗಡಿ. ಫುಟ್‌ಪಾತ್ ಮೇಲೆ ಪ್ರಪಂಚದ ಜಿಯೋಮೆಟ್ರಿ ಪಂಡಿತರೆಲ್ಲಾ ನೆಟ್ಟಗೆ ಕ್ಯೂ ನಿಂತಿದ್ರು, ಒಬ್ಬರೂ ಜನರಲ್ ಪೊಸಿಷನ್‌ನಲ್ಲಿ ಇಲ್ಲ. ನಮ್ಮ ಸರದಿ ಬಂದಾಗ ಗೊತ್ತಾಯ್ತು, ಆ ಊರಿನ ಫೇಮಸ್ ಕರ್ರಿ ಅಂದ್ರೆ ಕಪ್ಪಗೆ ದಪ್ಪಗಿನ ಗೊಜ್ಜು, ಮೇಲೆ ಹಂದಿ ಕಟ್ಲೆಟ್ಟು, ಸರ್ ಮೊಟ್ಟೆನೂ ಮುಟ್ಟಲ್ಲ. ಪಕ್ಕದಲ್ಲಿ ನೂಡಲ್ಸ್ ಅಂಗಡಿಗೆ ಹೋದ್ವಿ, ತರಕಾರಿ ಮಾತ್ರ ಅಂತ ಫೋನಿನ ಅನುವಾದ ತೋರಿಸಿದ್ವಿ, ಆಯಮ್ಮ ಖುಷಿಯಿಂದ ತಲೆ ಆಡಿಸಿ ಬರೀ ಸೊಪ್ಪು ಹಾಕಿ ತಂದ್ರು. ಸಾರು ಮಾತ್ರ ಒಣ ಮೀನಿಂದು, ಅಲ್ಲಿ ಎಲ್ಲದರ ಬುಡಕ್ಕೂ ಅದೇ, ಅವರ ಪ್ರಕಾರ ಅದು ನೀರಿನ ಲೆಕ್ಕ. ವಾಸನೆ ಬಂದ ತಕ್ಷಣ ಸರ್ ಬಟ್ಟಲನ್ನ ನನ್ನ ಕಡೆ ಸರಿಸಿ, "ಅಮ್ಮ ಕೊಟ್ಟ ಚಟ್ನಿಪುಡಿ ಬ್ಯಾಗಲ್ಲಿ ಇದ್ಯಾ?" ಅಂದ್ರು. ಶೂಗಿಂತ ಅದಕ್ಕೆ ಬೆಲೆ ಜಾಸ್ತಿ ಕೊಟ್ಟಿದ್ದು ಸರಿ ಅಂತ ಒಪ್ಕೋಬೇಕಾಯ್ತು.

ಬಿಡುವಿದ್ದ ಒಂದು ಸಂಜೆ ಮ್ಯೂಸಿಯಂಗೆ ಹೋದ್ವಿ. ಕನಜಾವದ 21ನೇ ಶತಮಾನದ ಸಮಕಾಲೀನ ಕಲಾ ಮ್ಯೂಸಿಯಂ, 2004ರಲ್ಲಿ ತೆರೆದಿದ್ದು, ಇಡೀ ಕಟ್ಟಡ ದುಂಡಗೆ, ಗೋಡೆ ಗಾಜಿಂದು, ಮುಂದೆ ಹಿಂದೆ ಅನ್ನೋದೇ ಇಲ್ಲ, ಯಾವ ಕಡೆಯಿಂದಾದ್ರೂ ಒಳಗೆ ಬರಬಹುದು, ಹೋದ ಬಾಗಿಲಲ್ಲೇ ವಾಪಸ್ ಬರ್ತೀರಿ ಅನ್ನೋ ಭರವಸೆ ಮಾತ್ರ ಇಲ್ಲ. ಆರ್ಟ್ ಗ್ಯಾಲರಿ ಅಂದ್ರೆ ನಮ್ಮವರಿಗೆ ಚಿತ್ರ ನೆನಪಾಗಲ್ಲ, ಥಿಯರಮ್ ನೆನಪಾಗುತ್ತೆ. ವಿಕ್ಟರ್ ಕ್ಲೀ 1973ರಲ್ಲಿ ಕೇಳಿದ ಪ್ರಶ್ನೆ: ಇಷ್ಟು ಮೂಲೆ ಇರೋ ಗ್ಯಾಲರಿಗೆ ಎಷ್ಟು ಕಾವಲುಗಾರರು ಸಾಕು? ಖ್ವಾಟಲ್ 1975ರಲ್ಲಿ ಉತ್ತರ ಕೊಟ್ರು, ಮೂಲೆಗಳನ್ನ ಮೂರರಿಂದ ಭಾಗಿಸಿ, ಹನ್ನೆರಡು ಮೂಲೆಗೆ ನಾಲ್ಕು ಜನ ಸಾಕು. 1978ರಲ್ಲಿ ಸ್ಟೀವ್ ಫಿಸ್ಕ್ ಅದನ್ನೇ ಚಿಟಿಕೆಯಲ್ಲಿ ತೋರಿಸಿದ್ರು, ನೆಲವನ್ನ ತ್ರಿಕೋನಗಳಾಗಿ ಕತ್ತರಿಸಿ, ಒಂದೊಂದು ತ್ರಿಕೋನದ ಮೂರು ಮೂಲೆಗೂ ಮೂರು ಬೇರೆ ಬಣ್ಣ ಬರೋ ಹಾಗೆ ಬಳೀರಿ, ಕಮ್ಮಿ ಬಂದ ಬಣ್ಣದ ಮೂಲೆಗಳಲ್ಲಿ ಕಾವಲು ನಿಲ್ಲಿಸಿ, ಮುಗೀತು. ಈ ಉಪಾಯ ಅವರಿಗೆ ಅಫ್ಘಾನಿಸ್ತಾನದಲ್ಲಿ ಬಸ್ಸಲ್ಲಿ ತೂಕಡಿಸ್ತಾ ಇದ್ದಾಗ ಹೊಳೀತಂತೆ. ಅವರ ಸ್ಟಾಪ್ ತಪ್ಪಿತೋ ಇಲ್ವೋ, ಚರಿತ್ರೆಯಲ್ಲಿ ದಾಖಲಾಗಿಲ್ಲ.

ಸರ್‌ಗೆ ಅಲ್ಲಿ ಒಂದು ಚಿತ್ರನೂ ಕಣ್ಣಿಗೆ ಬೀಳಲಿಲ್ಲ. ಪುಸ್ತಕ ತೆಗೆದು ರೂಮಿನ ಪ್ಲ್ಯಾನ್ ಹಾಕಿದ್ರು, ಗಾರ್ಡ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಚುಕ್ಕೆ ಇಟ್ರು, ಯಾರಿಗೆ ಎಲ್ಲೀವರೆಗೆ ಕಾಣುತ್ತೆ ಅಂತ ಗೆರೆ ಎಳೆದ್ರು, ಯಾರ ಕಣ್ಣಿಗೂ ಬೀಳದ ಮೂಲೆಗಳಿಗೆ ನೀಟಾಗಿ ಶೇಡ್ ಮಾಡಿದ್ರು. ಪಕ್ಕದಲ್ಲಿ ಹವಾಯಿ ಚಪ್ಪಲಿ ಹಾಕ್ಕೊಂಡು ಮಾತಿಗೊಮ್ಮೆ ಬಾಗಿಲು ಯಾವ ಕಡೆ ಅಂತ ನೋಡ್ತಾ ನಾನು. ನೋಡಿದವರಿಗೆ ಏನನ್ನಿಸಿರಬೇಕು ಹೇಳಿ. ಒಬ್ಬ ಗಾರ್ಡ್ ಹುಡುಗಿ ಬಂದು ಬಗ್ಗಿ ನೋಡಿದ್ಲು, ಏನೂ ಅನ್ನದೆ ನಗ್ತಾ ವಾಪಸ್ ಹೋದ್ಲು, ಎರಡು ನಿಮಿಷಕ್ಕೆ ಕೋಟು ಹಾಕಿದ ವಯಸ್ಸಾದ ಸೂಪರ್‌ವೈಸರ್ ಒಬ್ಬರನ್ನ ಕರ್ಕೊಂಡು ಬಂದ್ಲು. ನಾನು ಪಾಸ್‌ಪೋರ್ಟ್ ಕೈಗೆ ತಗೊಂಡೆ, ಕಾನ್ಫರೆನ್ಸ್ ಬ್ಯಾಡ್ಜ್ ಎದೆ ಮೇಲೆ ಕಾಣೋ ಹಾಗೆ ತಿರುಗಿಸ್ಕೊಂಡೆ. ಸರ್ ಮಾತ್ರ ಯಾರೋ ಡೌಟ್ ಕೇಳಕ್ಕೆ ಬಂದ್ರು ಅನ್ಕೊಂಡು ಫಿಸ್ಕ್ ಪ್ರೂಫ್ ಪೂರ್ತಿ ಇಂಗ್ಲಿಷಲ್ಲಿ ವಿವರಿಸಿದ್ರು, ಮೂರು ಬಣ್ಣಕ್ಕೆ ಮೂರು ಬೆರಳು ತೋರಿಸಿ, ಕೊನೆಗೆ "ಈ ರೂಮಿಗೆ ಇಬ್ಬರು ಜಾಸ್ತಿ ಆದ್ರು, ತೆಗೀಬಹುದು" ಅಂತ ಸಲಹೆನೂ ಕೊಟ್ರು, ಆ ಇಬ್ಬರಲ್ಲಿ ಒಬ್ಬಳು ಅಲ್ಲೇ ನಿಂತಿದ್ಲು.

ಸೂಪರ್‌ವೈಸರ್ ಎರಡೂ ಕೈಯಿಂದ ಪುಸ್ತಕ ಇಸ್ಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ ಜೇಬಿಂದ ಪೆನ್ಸಿಲ್ ತೆಗೆದು, ಸರ್ ಶೇಡ್ ಮಾಡಿದ್ದ ಒಂದು ಮೂಲೆಯನ್ನ ನಿಧಾನವಾಗಿ ಒರೆಸಿ ಹಾಕಿ, ಆಚೆ ಕಾರಿಡಾರ್‌ನಲ್ಲಿ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಆ ಮೂಲೆವರೆಗೆ ಒಂದು ಗೆರೆ ಎಳೆದ್ರು. ಗೆರೆ ನಡುವಿನ ಗೋಡೆಯನ್ನ ದಾಟಿ ಹೋಯ್ತು. ಸರ್ ಬಾಯಿ ತೆಗೆಯೋದ್ರೊಳಗೆ ಆ ಗೋಡೆ ಹತ್ರ ಹೋಗಿ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿದ್ರು.

ಗಾಜು.

ಕಾರಿಡಾರ್‌ನಲ್ಲಿ ನಿಂತಿದ್ದ ಗಾರ್ಡ್ ಆ ಕಡೆಯಿಂದ ಕೈ ಬೀಸಿದ. ಸೂಪರ್‌ವೈಸರ್ ಬಾಗಿ ನಮಸ್ಕಾರ ಮಾಡಿ, ಪುಸ್ತಕ ವಾಪಸ್ ಕೊಟ್ಟು ಹೋದ್ರು. ಸರ್ ಆ ಪೆನ್ಸಿಲ್ ಗೆರೆಯನ್ನೇ ನೋಡ್ತಾ ನಿಂತಿದ್ದವರು ನನ್ನ ಕಡೆ ತಿರುಗಿ, "ಓಡು, ಅವರು ಯಾವ ಯೂನಿವರ್ಸಿಟಿ ಅಂತ ಕೇಳ್ಕೊಂಡು ಬಾ" ಅಂದ್ರು.